ಮುಚ್ಚಳದಕ್ಕನ ಡ್ರಮ್ಮುಗಳು

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಓಣಿಯ ಇಸ್ತ್ರಿಯವಳು. ಹೇಳಿದ್ದು ಹೋದ ಬೇಸಿಗೆಯ ಆರಂಭದಲ್ಲಿ, ಮನೆ ಮಾಲೀಕರು ಮೇಲ್ಮನೆಯ ಬೀಗ ತೆಗೆಸಿದ ಸಂಜೆ. ಆ ಮನೆಯಲ್ಲಿದ್ದವಳು ಒಂಟಿ ಹೆಂಗಸು. ಔಷಧಿ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ಹಾಕುವ ಸಾಲಿನಲ್ಲಿ ದುಡಿದು ನಿವೃತ್ತಳಾದವಳು. ಓಣಿಗೆಲ್ಲ ಅವಳು ಮುಚ್ಚಳದಕ್ಕ. ಅವಳ ಮನೆಯಲ್ಲಿ ಗೋಡೆಯುದ್ದಕ್ಕೂ ಧಾನ್ಯ ತುಂಬಿದ ಡ್ರಮ್ಮುಗಳಿವೆ ಎಂದು ನಮಗೆಲ್ಲ ಗೊತ್ತಿತ್ತು. ಹಾಗೇ ಬಿಟ್ಟರೆ ಇಲಿಗಳ ಪಾಲು, ಹಂಚಿಕೊಂಡರೆ ನಾಲ್ಕು ಮನೆಗಾದರೂ ಆಯಿತು ಎಂದುಕೊಂಡು ಮೆಟ್ಟಿಲು ಹತ್ತಿದೆವು. ಇಸ್ತ್ರಿಯವಳು ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು.

"ಎಲ್ಲರೂ ಕೂತ್ಕೊಳ್ಳಿ. ಇದನ್ನ ಓದ್ತೀನಿ. ಓದಿದ ಮೇಲೂ ಬೇಕು ಅನ್ಸಿದ್ರೆ ತುಂಬ್ಕೊಂಡು ಹೋಗಿ, ನಾನೇನು ಅಡ್ಡ ಬರಲ್ಲ" ಅಂದಳು.

ಅವಳ ಮಡಿಲಲ್ಲಿ ಎರಡು ಕಟ್ಟು ಕಾಗದಗಳಿದ್ದವು. ಒಂದು ಅಕ್ಕ ಬರೆದದ್ದು, ಇನ್ನೊಂದು ದೂರದೂರಿನಲ್ಲಿರುವ ತಮ್ಮ ಬರೆದದ್ದು. ತಮ್ಮನೇ ಒಮ್ಮೆ ಬಂದು ಎರಡನ್ನೂ ಅವಳ ಕೈಗಿತ್ತು ಹೋಗಿದ್ದ.

ಜನವರಿ ೧೧

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ಕ್ಷೇಮ. ನೀನು, ನಿನ್ನ ಹೆಂಡತಿ, ಗುಬ್ಬಿ, ಗುಂಡ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕಾರ್ಖಾನೆ ಬಿಟ್ಟು ವರ್ಷವಾಗುತ್ತ ಬಂತು, ಆದರೆ ಕೈ ಮಾತ್ರ ಸುಮ್ಮನಿರುವುದಿಲ್ಲ. ಮೊನ್ನೆ ಬಸ್ಸಿನಲ್ಲಿ ಪಕ್ಕದವಳ ನೀರಿನ ಬಾಟಲಿಯ ಮುಚ್ಚಳವನ್ನು ನನಗೇ ಗೊತ್ತಿಲ್ಲದೆ ತಿರುಗಿಸಿಬಿಟ್ಟೆ. "ಯಾಕ್ರೀ?" ಅಂದಳು. "ಅರ್ಧ ಸುತ್ತು ಸಡಿಲ ಇತ್ತು" ಅಂದೆ. ಎದ್ದು ಬೇರೆ ಸೀಟಿಗೆ ಹೋದಳು.

ಈಗ ಕೈಗೊಂದು ಕೆಲಸ ಸಿಕ್ಕಿದೆ. ಮೊಣಕಾಲೆತ್ತರದ ನೀಲಿ ಡ್ರಮ್ಮುಗಳನ್ನು ತರಿಸಿದ್ದೇನೆ. ಅಕ್ಕಿ, ಗೋಧಿ, ಬೇಳೆ ಮೂಟೆಗಟ್ಟಲೆ ತಂದು ತುಂಬುತ್ತಿದ್ದೇನೆ. ಬೇರೆಯವರು ಅಂಗಡಿಯಿಂದ ತಂದದ್ದನ್ನು ಹಾಗೇ ಸುರಿಯುತ್ತಾರೆ. ಧೂಳು, ಮಣ್ಣು, ಯಾರ ಯಾರದೋ ಕೈ. ತೊಳೆಯದ ಬಾಟಲಿಗೆ ಮುಚ್ಚಳ ಹಾಕಬಾರದು ಎಂಬುದು ನಮ್ಮ ಸಾಲಿನ ಮೊದಲ ಪಾಠ. ನಾನು ಧಾನ್ಯವನ್ನು ನೀರು ತಿಳಿಯಾಗುವವರೆಗೆ ತೊಳೆದು, ತಾರಸಿಯ ಮೇಲೆ ಒಂದು ಹಗಲು ಹರವಿ, ಕೈಗೆ ಒಣಗಿದ ಹಾಗೆ ಅನಿಸಿದ ಮೇಲೆ ತುಂಬುತ್ತೇನೆ. ಅದರ ಮೇಲೆ ರಬ್ಬರ್ ಉಂಗುರ, ಮುಚ್ಚಳ, ಕಬ್ಬಿಣದ ಪಟ್ಟಿ, ಸುತ್ತಲೂ ಕರಗಿಸಿದ ಮೇಣ. ಇರುವೆಯ ಮಾತು ಬಿಡು, ಗಾಳಿಗೂ ದಾರಿಯಿಲ್ಲ.

ಯಾಕೆ ಇಷ್ಟೆಲ್ಲ ಎಂದು ನೀನು ಕೇಳೇ ಕೇಳುತ್ತೀಯ. ನಾವು ಚಿಕ್ಕವರಿದ್ದಾಗ ಹೊಳೆ ಉಕ್ಕಿ ದಾರಿ ಮುಚ್ಚಿಹೋಗಿತ್ತು. ಅಮ್ಮ ಜ್ವರದಲ್ಲಿ ಮಲಗಿದ್ದಳು. ಬಡಿಸುವವಳು ನಾನು. ನೀನು ತಟ್ಟೆ ಖಾಲಿ ಮಾಡಿ "ಇನ್ನೂ ಇದ್ಯಾ ಅಕ್ಕ?" ಅಂದೆ. ನಾನು "ಇಲ್ಲ" ಅಂದೆ. ನೀನು ಅಳಲೂ ಇಲ್ಲ, ತಟ್ಟೆ ತೊಳೆದು ಬೋರಲು ಹಾಕಿ ಹೊರಗೆ ಹೋದೆ. ಅತ್ತಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ "ಇಲ್ಲ"ವನ್ನು ನಿನಗೆ ಇನ್ನೊಮ್ಮೆ ಹೇಳುವ ಶಕ್ತಿ ನನಗಿಲ್ಲ.

ಈ ಡ್ರಮ್ಮುಗಳು ನಿಮ್ಮ ನಾಲ್ವರಿಗಾಗಿ. ಕಷ್ಟ ಬಂದರೆ ಉದ್ದದ ಕಾಗದ ಬೇಡ. "ತೆಗೆ" ಎಂದು ಒಂದೇ ಮಾತು ಬರೆ. ತೆಗೆದು ಕಳಿಸುತ್ತೇನೆ. ಅಲ್ಲಿಯವರೆಗೆ ನಾನೂ ಮುಟ್ಟುವುದಿಲ್ಲ.

ನಿನ್ನ ಅಕ್ಕ

ಫೆಬ್ರವರಿ ೪

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಓದಿ ಮನೆಯಲ್ಲಿ ಎಲ್ಲರೂ ನಕ್ಕೆವು. ಗುಂಡ "ಅತ್ತೆ ಅಂಗಡಿ ಇಡ್ತಾಳಾ?" ಎಂದು ಕೇಳಿದ. ಇವಳು, "ಪ್ರಳಯ ಬಂದ್ರೆ ಊರೆಲ್ಲ ಮುಳುಗತ್ತೆ, ನಿಮ್ಮಕ್ಕ ಮಾತ್ರ ಡ್ರಮ್ಮಿನ ಮೇಲೆ ಕೂತು ತೇಲ್ತಾರೆ. ನಮಗೂ ಒಂದು ಹಗ್ಗ ಎಸೀರಿ ಅಂತ ಬರೀರಿ" ಅಂದಳು. ಬರೆದಿದ್ದೇನೆ.

ನನಗೇನು ಕಷ್ಟ ಹೇಳು. ಹೊಸ ಬಸ್ಸು ಕೊಟ್ಟಿದ್ದಾರೆ, ಸ್ಟೇರಿಂಗು ಬೆಣ್ಣೆಯ ಹಾಗೆ ತಿರುಗುತ್ತದೆ. ಈಚೆಗೆ ನನಗೆ ಹಗಲು ಪಾಳಿ ಮಾತ್ರ. ಸಂಜೆ ದೀಪಗಳ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದೆ ಎಂದು ಡಿಪೋದ ಮ್ಯಾನೇಜರಿಗೆ ತಮಾಷೆಗೆ ಹೇಳಿದ್ದೆ. ಆ ಪುಣ್ಯಾತ್ಮ ಅದನ್ನೇ ಗಂಟು ಕಟ್ಟಿಕೊಂಡ. ಇರಲಿ, ಸಂಜೆ ಮಕ್ಕಳ ಜೊತೆ ಇರುವುದಕ್ಕೆ ಸಿಗುತ್ತದೆ.

ಆ ಒಂದು ಮಾತು ನಾನು ಬರೆಯುವ ಕಾಲ ಬರುವುದಿಲ್ಲ ಅಕ್ಕ. ಕೈಕಾಲು ಗಟ್ಟಿ ಇವೆ. ನೀನು ಸರಿಯಾಗಿ ಊಟ ಮಾಡು. ಡ್ರಮ್ಮಿನ ಹೊಟ್ಟೆ ತುಂಬಿಸಿ ನಿನ್ನದನ್ನು ಒಣಗಿಸಬೇಡ.

ನಿನ್ನ ತಮ್ಮ

ಮಾರ್ಚ್ ೧೯

ತಮ್ಮನಿಗೆ ಆಶೀರ್ವಾದಗಳು.

ಒಂದು ಮಂಚ ಹಿಡಿಸುವಷ್ಟೇ ಇದ್ದ ಒಳಕೋಣೆ ತುಂಬಿತು. ಮಂಚವನ್ನು ಅಡುಗೆಮನೆಗೆ ತಂದುಕೊಂಡಿದ್ದೇನೆ. ಕಾಲು ಚಾಚಿದರೆ ಒಲೆಕಟ್ಟೆ, ಕೈ ಚಾಚಿದರೆ ನಲ್ಲಿ. ಮಲಗಿದಲ್ಲಿಂದಲೇ ಅರ್ಧ ಸಂಸಾರ ನಡೆಸಬಹುದು.

ಮಾಲೀಕರು ಬಾಡಿಗೆಗೆಂದು ಬಂದವರು ಬಾಗಿಲಲ್ಲೇ ನಿಂತರು. "ಏನಮ್ಮ, ನಾನು ಕೊಟ್ಟದ್ದು ಮನೇನಾ, ಗೋದಾಮಾ?"

"ಊರಿಗೆ ಊರೇ ಕಂಗಾಲಾದಾಗ ನೀವೂ ಈ ಬಾಗಿಲಿಗೇ ಬರ್ತೀರಿ" ಅಂದೆ.

"ಹಾಗಾದ್ರೆ ಆ ತಿಂಗಳ ಬಾಡಿಗೆ ನಾನೇ ನಿಮಗೆ ಕೊಡ್ತೀನಿ ಬಿಡಿ" ಎಂದು ನಗುತ್ತ ಇಳಿದು ಹೋದರು.

ಕೆಳಗಿನ ಇಸ್ತ್ರಿಯವಳಿಗೆ ಬೇರೆ ಅನುಮಾನ. "ಒಂದನ್ನ ತೆಗೆದು ನೋಡಬಾರ್ದಾ ಅಕ್ಕ, ಒಳಗೆ ಹೇಗಿದೆ ಅಂತ?" ಅಂದಳು. ಅವಳಿಗೇನು ಗೊತ್ತು. ನಮ್ಮ ಸಾಲಿನಲ್ಲಿ ಒಮ್ಮೆ ಮುಚ್ಚಿದ ಬಾಟಲಿಯನ್ನು ತೆರೆದರೆ ಅದು ನೇರ ಚರಂಡಿಗೆ. ಅಷ್ಟು ವರ್ಷದಲ್ಲಿ ನಾನು ಹಾಕಿದ ಮುಚ್ಚಳ ಒಂದೂ ವಾಪಸು ಬಂದಿಲ್ಲ. ನನ್ನ ಮುಚ್ಚಳವನ್ನು ನಾನೇ ಅನುಮಾನಿಸಲೇ?

ನಿನ್ನ ಕಾಗದದಲ್ಲಿ ನಗು ತುಂಬಿತ್ತು. ಸುಖವಾಗಿದ್ದೀಯ ಎಂದು ತಿಳಿದು ಸಮಾಧಾನ. ಸುಖದಲ್ಲಿರುವವರಿಗೆ ನನ್ನ ಕೆಲಸ ಹುಚ್ಚಾಟವಾಗಿ ಕಾಣುವುದು ಸಹಜವೇ. ಅದಕ್ಕೆ ನಾನು ಬೇಸರ ಮಾಡಿಕೊಂಡಿಲ್ಲ. ಹಗ್ಗದ ಮಾತಿಗೆ ಮಾತ್ರ ಸ್ವಲ್ಪ ಮಾಡಿಕೊಂಡೆ.

ನಿನ್ನ ಅಕ್ಕ

ಜುಲೈ ೨

ಅಕ್ಕನಿಗೆ,

ಇಷ್ಟು ತಿಂಗಳು ಬರೆಯಲಿಲ್ಲ. ಏಪ್ರಿಲ್‌ನಲ್ಲಿ ಡಿಪೋದವರು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಸಾಲು ಕಂಡಿತು. ಎರಡನೆಯದನ್ನು ಊಹೆಯ ಮೇಲೆ ಓದಿದೆ. ಡಾಕ್ಟರು ಹೆಗಲ ಮೇಲೆ ಕೈಯಿಟ್ಟು "ಸಾಕು ಬಿಡಿ" ಅಂದರು. ಅಲ್ಲಿಗೆ ಬಸ್ಸು ಮುಗಿಯಿತು. ಕಣ್ಣಿನ ನರವೇ ಸೋತಿದೆಯಂತೆ, ಹೋದದ್ದು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಬೇಕಂತೆ.

ಬೇರೆ ಕೆಲಸ ಹುಡುಕಿದೆ. ಡ್ರೈವರ್ ಆಗಿದ್ದವನಿಗೆ ಕಣ್ಣಿಲ್ಲ ಎಂದರೆ ಜನ ಮುಖ ನೋಡುವುದೇ ಬೇರೆ ರೀತಿ. ಇವಳು ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಅಲ್ಲೇ ತಿಂಡಿ ತಿಂದೆ ಎಂದು ಬಂದು ಹೇಳುತ್ತಾಳೆ. ನಾನು ನಂಬಿದ ಹಾಗೆ ಮಾಡುತ್ತೇನೆ. ನಿನ್ನೆ ಗುಬ್ಬಿ ತನ್ನ ಪಾಲನ್ನು ಗುಂಡನ ತಟ್ಟೆಗೆ ಹಾಕಿ "ನಂಗೆ ಹೊಟ್ಟೆ ನೋವು" ಅಂದಳು. ಆ ಮಗುವಿಗೆ ಹೊಟ್ಟೆ ನೋವಿರಲಿಲ್ಲ.

ನಗುವ ಕಾಗದ ಬರೆದದ್ದಕ್ಕೆ ಕ್ಷಮಿಸು.

ತೆಗೆ.

ನಿನ್ನ ತಮ್ಮ

ಜುಲೈ ೯

ನನ್ನ ಕಂದ,

ಕಾಗದ ಈಗಷ್ಟೇ ಬಂತು. ನಿನ್ನ ಕಣ್ಣಿನ ಸುದ್ದಿ ಓದಿ ಅತ್ತೆ. ಆದರೂ ಒಂದು ಮಾತು ಬರೆದುಬಿಡುತ್ತೇನೆ, ತಪ್ಪು ತಿಳಿಯಬೇಡ. ಅಳುತ್ತಲೇ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇಷ್ಟು ದಿನ ಓಣಿಯವರೆಲ್ಲ ನನ್ನನ್ನು ನೋಡಿ ನಕ್ಕರು. ನಾನು ಯಾರಿಗಾಗಿ ತುಂಬಿಟ್ಟೆನೋ ಅವನಿಗೆ ಕೊನೆಗೂ ಬೇಕಾಯಿತು.

ಗುಬ್ಬಿಗೆ ಹೇಳು, ಇನ್ನು ಯಾರಿಗೂ ಹೊಟ್ಟೆ ನೋವು ಬರಬೇಕಾಗಿಲ್ಲ. ಅತ್ತೆ ನಾಳೆ ಬೆಳಕು ಹರಿದ ಕೂಡಲೇ ಮೇಣ ಕೆರೆಯಲು ಕೂರುತ್ತಾಳೆ.

ನಿನ್ನ ಅಕ್ಕ

ಜುಲೈ ೧೭

ತಮ್ಮನಿಗೆ ಆಶೀರ್ವಾದ.

ಸಾಮಾನು ಕಳಿಸುವುದು ಸ್ವಲ್ಪ ತಡವಾಗುತ್ತದೆ. ಲಾರಿಯವರು ಈಗ ಆ ಕಡೆ ಹೋಗುತ್ತಿಲ್ಲವಂತೆ. ಮುಂದಿನ ತಿಂಗಳು ನೋಡೋಣ ಅಂದರು. ಹೇಗಾದರೂ ದಿನ ದೂಡು. ಧಾನ್ಯ ಇದೆ. ಇಲ್ಲ ಎಂದು ಮಾತ್ರ ತಿಳಿಯಬೇಡ.

ನಿನ್ನ ಅಕ್ಕ

ಆಗಸ್ಟ್ ೫

ಅಕ್ಕ,

ಇಲ್ಲಿಯ ಲಾರಿ ಕಚೇರಿಗೆ ನಾನೇ ಹೋಗಿ ವಿಚಾರಿಸಿದೆ. ನಿಮ್ಮೂರಿನಿಂದ ವಾರಕ್ಕೆರಡು ಸಲ ಲಾರಿ ಬರುತ್ತದೆ. ನಿಂತದ್ದೇ ಇಲ್ಲವಂತೆ.

ನನಗೆ ಅರ್ಥವಾಯಿತು. ನಿನಗೆ ತೆಗೆಯಲು ಮನಸ್ಸು ಬರುತ್ತಿಲ್ಲ. ಅಷ್ಟು ಚೆಂದವಾಗಿ ಮುಚ್ಚಿಟ್ಟದ್ದನ್ನು ಕೆಡಿಸಲು ಕೈ ಬರುತ್ತಿಲ್ಲ. ತಮ್ಮನ ಮಕ್ಕಳಿಗಿಂತ ಮುಚ್ಚಳ ಹೆಚ್ಚಾಯಿತು. ಒಳ್ಳೆಯದು, ಇಟ್ಟುಕೋ. ಇದಕ್ಕಿಂತ ದೊಡ್ಡ ಕಷ್ಟ ಯಾರಿಗಾದರೂ ಬಂದಾಗ ತೆಗೆಯುವೆಯಂತೆ.

ಆ ಮಾತು ಬರೆಯುವುದಕ್ಕೆ ನನಗೆ ಎಷ್ಟು ದಿನ ಹಿಡಿಯಿತು ಎಂದು ನಿನಗೆ ಗೊತ್ತಿಲ್ಲ. ಬರೆಯಬಾರದಿತ್ತು.

ನಿನ್ನ ತಮ್ಮ

ಆಗಸ್ಟ್ ೨೮

ಅಕ್ಕನಿಗೆ ಸಾವಿರ ನಮಸ್ಕಾರಗಳು.

ಚೀಲಗಳು ಬಂದವು. ಜೊತೆಗೆ ಕಾಗದವಿರಲಿಲ್ಲ. ನೀನು ಸಿಟ್ಟಾಗಿದ್ದೀಯ, ಆಗಬೇಕಾದದ್ದೇ. ಯಾವ ಕೈಯಲ್ಲಿ ಆ ಮಾತು ಬರೆದೆನೋ, ಅದೇ ಕೈಯಲ್ಲಿ ನೀನು ಕಳಿಸಿದ ಅನ್ನ ತಿನ್ನುತ್ತಿದ್ದೇನೆ.

ಅಕ್ಕ, ನಿನ್ನ ಮುಚ್ಚಳದ ಮಹಿಮೆ ಏನೆಂದು ಬರೆಯಲಿ. ಅಕ್ಕಿ ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಒಂದು ಹುಳವಿಲ್ಲ, ಒಂದು ಚೂರು ವಾಸನೆಯಿಲ್ಲ. ಇವಳು ಮೊರದಲ್ಲಿ ಹಾಕಿಕೊಂಡು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು. "ನಮ್ಮ ಯಜಮಾನರ ಅಕ್ಕ ಮುಚ್ಚಿಟ್ಟದ್ದು. ಎಷ್ಟು ತಿಂಗಳಾಯ್ತು ಗೊತ್ತಾ? ನೋಡಿ ಹೇಗಿದೆ!" ನಿನ್ನನ್ನು ನೋಡಿ ನಗುತ್ತಿದ್ದವಳು ಇವಳೇ.

ಗುಂಡ ತಟ್ಟೆ ಖಾಲಿ ಮಾಡಿ "ಇನ್ನೂ ಇದ್ಯಾ?" ಅಂದ. "ಅತ್ತೆ ಹತ್ರ ಕೋಣೆ ತುಂಬ ಇದೆ ಕಣೋ" ಅಂದೆ.

ಇದು ತೀರಿದ ಮೇಲೆ ಇನ್ನೊಂದು ತೆಗೆಯುತ್ತೀಯ ತಾನೇ? ಸಂಕೋಚ ಬಿಟ್ಟು ಕೇಳುತ್ತಿದ್ದೇನೆ.

ನಿನ್ನ ತಮ್ಮ

ಸೆಪ್ಟೆಂಬರ್ ೬

ತಮ್ಮನಿಗೆ ಆಶೀರ್ವಾದಗಳು.

ಸಿಟ್ಟು ಎಂಥದ್ದು. ಚಿಕ್ಕಂದಿನಲ್ಲಿ ನೀನು ನನ್ನ ಜಡೆ ಹಿಡಿದು ಎಳೆದದ್ದಕ್ಕಿಂತ ಇದು ಹೆಚ್ಚೇನು ನೋಯಲಿಲ್ಲ. ಮೊರದ ವಿಷಯ ಓದಿದೆ. ಎರಡು ಸಲ ಓದಿದೆ. ಧಾನ್ಯ ಚೆನ್ನಾಗಿದೆ ಎಂದರೆ ಸಾಕು, ಮುಚ್ಚಳದ ಮಾತು ಇನ್ನು ಬೇಡ.

ತಿಂಗಳು ತಿಂಗಳು ಕಳಿಸುತ್ತೇನೆ. ಒಂದೇ ಸಲ ಎಲ್ಲ ತೆಗೆಯುವುದು ಸರಿಯಲ್ಲ. ನನ್ನ ಊಟದ ಚಿಂತೆ ಬೇಡ, ಈಗ ನಾನೂ ಡ್ರಮ್ಮಿನದೇ ಉಣ್ಣುತ್ತಿದ್ದೇನೆ. ಬಾಯಿ ಸ್ವಲ್ಪ ಕಹಿ, ಊಟ ಸೇರುವುದಿಲ್ಲ. ವಯಸ್ಸಾಯಿತಲ್ಲ.

ನಿನ್ನ ಅಕ್ಕ

ನವೆಂಬರ್ ೧೪

ಅಕ್ಕನಿಗೆ ನಮಸ್ಕಾರಗಳು.

ಒಳ್ಳೆಯ ಸುದ್ದಿ. ಬಟ್ಟೆ ಅಂಗಡಿಯೊಂದರಲ್ಲಿ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಬಂದವರಿಗೆ ಬಾಗಿಲು ತೆಗೆಯುವುದು, ಹೋಗುವವರಿಗೆ ಮುಚ್ಚುವುದು. ಈಗ ನಾನೂ ನಿನ್ನ ಇಲಾಖೆಯವನೇ ಆದೆ. ಸಂಬಳ ಕಡಿಮೆ. ನಿನ್ನ ಚೀಲಗಳು ಬರುವುದರಿಂದ ಮನೆ ನಡೆಯುತ್ತಿದೆ. ಮಕ್ಕಳ ಕೆನ್ನೆ ತುಂಬಿಕೊಂಡಿವೆ.

ಗುಬ್ಬಿಗೆ ನಿನ್ನ ಹುಚ್ಚು ಹಿಡಿದಿದೆ. ಹಳೆಯ ಡಬ್ಬಗಳನ್ನು ಒಟ್ಟುಮಾಡಿ, "ನಾವೂ ಅತ್ತೆ ಥರ ಅಕ್ಕಿ ತೊಳೆದು ಒಣಗಿಸಿ ಮುಚ್ಚಿಡೋಣ ಅಪ್ಪ" ಎಂದು ಗಂಟುಬಿದ್ದಿದ್ದಾಳೆ. ಭಾನುವಾರ ನಾವೆಲ್ಲ ಕೂತು ಮಾಡುತ್ತೇವೆ. ಎಷ್ಟು ನೀರಿನಲ್ಲಿ ತೊಳೆಯಬೇಕು, ಮೇಣ ಯಾವುದು, ವಿವರವಾಗಿ ಬರೆ.

ನಿನ್ನ ಮೈ ಹೇಗಿದೆ? ಈಚಿನ ಕಾಗದಗಳಲ್ಲಿ ಅಕ್ಷರ ಓಲಾಡುತ್ತಿವೆ. ಅಥವಾ ಓಲಾಡುತ್ತಿರುವುದು ನನ್ನ ಕಣ್ಣೋ ಏನೋ.

ನಿನ್ನ ತಮ್ಮ

ನವೆಂಬರ್ ೨೦

ತಮ್ಮ,

ತೊಳೆಯಬೇಡಿ. ಒಂದು ಹನಿ ನೀರು ಸೋಕಿಸಬೇಡಿ. ಈಗಾಗಲೇ ತೊಳೆದು ಮುಚ್ಚಿದ್ದರೆ ಈ ಕಾಗದ ಕೈಗೆ ಬಂದ ಕೂಡಲೇ ತೆರೆದು ನೋಡಿ. ಕಟ್ಟಿಕೊಂಡಿದ್ದರೆ, ಬಣ್ಣ ತಿರುಗಿದ್ದರೆ, ಮಕ್ಕಳಿಗೆ ಕೊಡಬೇಡಿ, ನೀವೂ ತಿನ್ನಬೇಡಿ, ಮಣ್ಣಿಗೆ ಹಾಕಿ. ಅಂಗಡಿಯಿಂದ ತಂದ ಒಣ ಅಕ್ಕಿಯನ್ನು ಹಾಗೇ ಇಡಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಕೈಹಾಕಿ ನೋಡಿ. ತೆಗೆದು ನೋಡಿದರೆ ಯಾರಿಗೂ ಅವಮಾನವಿಲ್ಲ.

ಯಾಕೆ ಎಂದು ಕೇಳಬೇಡ. ಗುಬ್ಬಿಗೆ ಮುತ್ತು.

ನಿನ್ನ ಅಕ್ಕ

ಡಿಸೆಂಬರ್ ೨೩

ಮುಚ್ಚಳದಕ್ಕನ ತಮ್ಮನವರಿಗೆ,

ನಾನು ಕೆಳಮನೆಯ ಇಸ್ತ್ರಿಯವಳು. ನಿಮಗೆ ನನ್ನ ಗುರುತಿಲ್ಲ. ಅಕ್ಕ ನಿಮ್ಮ ಕಾಗದಗಳನ್ನು ನನಗೆ ಓದಿ ಹೇಳುತ್ತಿದ್ದಳು, ಹಾಗಾಗಿ ನನಗೆ ನೀವೆಲ್ಲ ಗೊತ್ತು.

ಅಕ್ಕ ಹೋಗಿಬಿಟ್ಟಳು. ಮಂಗಳವಾರ ಆಸ್ಪತ್ರೆಯಲ್ಲಿ. ಅವಳು ಹಿಂದೆ ಕೊಟ್ಟಿದ್ದ ಡಿಪೋ ನಂಬರಿಗೆ ಫೋನು ಮಾಡಿಸಿದೆ. ನೀವು ಈಗ ಅಲ್ಲಿಲ್ಲ ಎಂದರು. ಬೇರೆ ನಂಬರು ಇರಲಿಲ್ಲ. ಕಾಯುವುದಕ್ಕೆ ಆಗಲಿಲ್ಲ, ಓಣಿಯವರೇ ಮುಂದೆ ನಿಂತು ಎಲ್ಲ ಮುಗಿಸಿದೆವು.

ಒಂದು ವಿಷಯ ಹೇಳಬಾರದೆಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದ ಪಾಪ ನನಗೇ ಇರಲಿ. ತೆಗೆ ಎಂದು ನೀವು ಬರೆದ ಕಾಗದ ಬಂದ ಮರುದಿನ ಅವಳು ಮೊದಲನೆಯ ಡ್ರಮ್ಮು ತೆಗೆದಾಗ ನಾನು ಪಕ್ಕದಲ್ಲಿದ್ದೆ. ಅಕ್ಕಿ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಹಸಿರು, ಕಪ್ಪು ಬೂಷ್ಟು. ವಾಸನೆಗೆ ನಾನು ಹೊರಗೆ ಓಡಿದೆ. ಕೈಗೆ ಒಣಗಿದ ಹಾಗಿದ್ದರೂ ಕಾಳಿನ ಒಳಗೆ ನೀರು ಉಳಿದಿತ್ತಂತೆ. ಮುಚ್ಚಳ ಸಡಿಲವಾಗಿದ್ದರೆ ಅದು ಹೊರಗಾದರೂ ಹೋಗುತ್ತಿತ್ತೇನೋ. ಅಕ್ಕ ಎರಡನೆಯದನ್ನು ತೆಗೆದಳು, ಮೂರನೆಯದನ್ನು ತೆಗೆದಳು. ಎಲ್ಲ ಅದೇ. ಅವಳು ಅಳಲಿಲ್ಲ. "ಅವನಿಗೆ ಇಲ್ಲ ಅಂತ ಹೇಗೆ ಹೇಳ್ಲಿ?" ಎಂದು ನನ್ನನ್ನು ಕೇಳಿದಳು.

ನಿಮಗೆ ಬಂದ ಅಕ್ಕಿ ಡ್ರಮ್ಮಿನದಲ್ಲ. ಪಿಂಚಣಿ ಬಂದ ದಿನ ನಾವಿಬ್ಬರೂ ಅಂಗಡಿಗೆ ಹೋಗಿ ತಂದು ಲಾರಿಗೆ ಹಾಕುತ್ತಿದ್ದೆವು. ಆಮೇಲೆ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಡ್ರಮ್ಮಿನದನ್ನು ಸುತ್ತಿಗೆಯಿಂದ ಒಡೆದು, ತಿಕ್ಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು ಗಂಜಿ ಮಾಡಿಕೊಳ್ಳುತ್ತಿದ್ದಳು. "ಇದನ್ನ ತಿನ್ಬೇಡ ಅಕ್ಕ, ನಮ್ಮನೇಲಿ ಉಣ್ಣು ಬಾ" ಎಂದು ಎಷ್ಟು ಸಲ ಕರೆದೆ. "ತುಂಬಿಟ್ಟವಳು ನಾನು, ತಿನ್ನಬೇಕಾದವಳೂ ನಾನೇ" ಅನ್ನುವಳು. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿಕೊಂಡಿತು. ಏನು ತಿಂತಿದ್ರು ಎಂದು ಡಾಕ್ಟರು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ.

ಐದು ತೆಗೆದಿದ್ದಳು. ನಾಲ್ಕು ಹಾಗೇ ಇವೆ. "ಅವನ್ನೂ ಒಂದ್ಸಲ ನೋಡಿಬಿಡೋಣ, ಒಳ್ಳೇದಿದ್ರೆ ಅದನ್ನಾದ್ರೂ ತಿನ್ನು" ಅಂದೆ. "ಬೇಡ ಕಣೆ. ಮುಚ್ಚಿರೋವರೆಗೂ ಅದರಲ್ಲಿ ಒಳ್ಳೇದು ಇದೆ" ಅಂದಳು.

ನೀವು ಬರುವವರೆಗೆ ಬೀಗದ ಕೈ ನನ್ನ ಹತ್ತಿರ ಇರುತ್ತದೆ.

ಇಸ್ತ್ರಿಯವಳು

ಓದಿ ಮುಗಿಸಿ ಇಸ್ತ್ರಿಯವಳು ಕಾಗದಗಳನ್ನು ಮಡಿಲಲ್ಲಿ ಜೋಡಿಸಿಕೊಂಡಳು. ತಮ್ಮ ಬಂದಾಗ ಏನಾಯಿತು ಎಂದು ಯಾರೋ ಕೇಳಿದರು. "ಏನಾಗತ್ತೆ? ಡ್ರಮ್ಮು ಒಂದೊಂದನ್ನೇ ಕೈಯಿಂದ ಮುಟ್ಟಿ ನೋಡ್ದ. ಕಣ್ಣಿಗೆ ಸರಿಯಾಗಿ ಕಾಣ್ತಿರ್ಲಿಲ್ಲ. ಮಕ್ಕಳ ಕೆನ್ನೆ ತುಂಬಿಕೊಂಡಿವೆ ಅಂತ ಅಕ್ಕನಿಗೆ ಬರೆದಿದ್ದೆ ಅಂದ. ಅಷ್ಟೇ ಹೇಳಿ ಹೋದ" ಅಂದಳು. ನಾವು ಬರಿಗೈಯಲ್ಲಿ ಮೆಟ್ಟಿಲಿಳಿದೆವು.

ಮರುದಿನ ಬೆಳಿಗ್ಗೆ ಯಾರೂ ಹೇಳಿಕಳಿಸದೆಯೇ ಗುದ್ದಲಿ ಹಿಡಿದು ಹಿತ್ತಲಿನ ಖಾಲಿ ಜಾಗದಲ್ಲಿ ಸೇರಿದೆವು. ಹಕ್ಕಿ, ದನ ಬಾಯಿ ಹಾಕಬಾರದೆಂದು ಎದೆಮಟ್ಟ ಆಳಕ್ಕೆ ಅಗೆದೆವು. ತೆಗೆದಿದ್ದ ಐದರಲ್ಲಿ ಉಳಿದದ್ದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುರಿದೆವು. ಮುಚ್ಚಿದ್ದ ನಾಲ್ಕರ ಹತ್ತಿರ ಬಂದಾಗ ಮಾಲೀಕರು, "ಒಂದರಲ್ಲಾದ್ರೂ ಒಳ್ಳೇದಿದ್ರೆ? ಸುಮ್ನೆ ಮಣ್ಣುಪಾಲು" ಅಂದರು.

"ಇದ್ರೆ ಇರ್ಲಿ ಬಿಡಿ" ಅಂದಳು ಇಸ್ತ್ರಿಯವಳು.

ಮಾಲೀಕರು ಅಂಗಿಯ ತೋಳು ಮಡಿಸಿ ಡ್ರಮ್ಮಿನ ಒಂದು ಬದಿ ಹಿಡಿದರು. ನಾಲ್ಕನ್ನೂ ಮುಚ್ಚಿದ್ದ ಹಾಗೆಯೇ ಗುಂಡಿಗೆ ಇಳಿಸಿ, ಮಣ್ಣು ಎಳೆದು, ತುಳಿದು ಗಟ್ಟಿ ಮಾಡಿದೆವು. ಆಮೇಲೆ ಕೈ ತೊಳೆದುಕೊಂಡು ನಮ್ಮ ನಮ್ಮ ಕೆಲಸಕ್ಕೆ ಹೋದೆವು.